ಚುಕ್ಕಿ ಕಳೆದುಹೋದ ಕಥೆ: ಚಿತ್ರಗಳು ದೂರ ಹೋಗುವ ಬಗೆ

(ಸರೋಜಿನಿ ನಗರದಲ್ಲಿ ಸೇರಿದ್ದ ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ಕೂಟದಲ್ಲಿ ನಮ್ಮ ಅಧ್ಯಕ್ಷೆಯವರು ನನ್ನನ್ನು ಹಿಡಿದು ನಿಲ್ಲಿಸಿ, “ನೀನು ದಿನವಿಡೀ ಕಂಪ್ಯೂಟರ್ ಮುಂದೆ ಏನು ಮಾಡುತ್ತೀಯೋ ನಮಗಂತೂ ತಿಳಿಯದು. ಮುಂದಿನ ಸಲ ನಮಗೆ ಅರ್ಥವಾಗುವ ಹಾಗೆ ಅರ್ಧ ಗಂಟೆ ಹೇಳು” ಎಂದರು. ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಒಂದು ಕಂಪ್ಯೂಟರಿನ ಪರದೆಯ ಮೇಲಿರುವ ಚಿತ್ರವನ್ನು ದೂರದ ಇನ್ನೊಂದು ಪರದೆಗೆ ಬೇಗನೆ, ಕಡಿಮೆ ಡೇಟಾದಲ್ಲಿ ತಲುಪಿಸುವುದು. ಎಂ.ಟೆಕ್. ಓದುವಾಗ ಇದು ಬರೀ ಗಣಿತ ಅಂದುಕೊಂಡಿದ್ದೆ. ಹಾಗಲ್ಲ ಅಂತ ಹೋದ ವರ್ಷ ನಮ್ಮ ಮನೆಯಲ್ಲೇ ಗೊತ್ತಾಯಿತು. ಆ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಮಾರ್ಕೆಟ್ಟಿನಿಂದಲೇ ಶುರು ಮಾಡೋಣ. ಮೊನ್ನೆ ಶನಿವಾರ ಪಕ್ಕದ ಮನೆಯ ಅಕ್ಕನ ಜೊತೆ ಸರೋಜಿನಿ ಮಾರ್ಕೆಟ್ಟಿಗೆ ಹೋಗಿದ್ದೆ. ಶನಿವಾರ ಸಂಜೆ ಅಂದಮೇಲೆ ಕೇಳಬೇಕೇ, ಕಾಲಿಡಲು ಜಾಗವಿಲ್ಲ. ಅಕ್ಕ ಹುಬ್ಬಳ್ಳಿಯಲ್ಲಿರುವ ಮಗಳಿಗೆ ವಿಡಿಯೊ ಕಾಲ್ ಮಾಡಿ ಕುರ್ತಾ ತೋರಿಸುತ್ತಿದ್ದರು. ಆ ಕಡೆಯಿಂದ ಮಗಳು, “ಅವ್ವಾ, ಬರೇ ಚೌಕ ಚೌಕ ಕಾಣಾಕತ್ತಾವ. ಹೂವಿನ ಡಿಸೈನೋ ಚೆಕ್ಸೋ ಒಂದೂ ತಿಳೀವಲ್ದು” ಅಂದಳು. ಅಕ್ಕ ನನ್ನ ಕಡೆ ತಿರುಗಿ, “ನೀನು ಎಂಜಿನಿಯರ್ ಅಲ್ಲವಾ, ಈ ಚೌಕಗಳು ಎಲ್ಲಿಂದ ಬಂದವು ಹೇಳು” ಅಂದರು. ಇವತ್ತಿನ ನನ್ನ ಮಾತೆಲ್ಲ ಅವರ ಪ್ರಶ್ನೆಗೆ ಉತ್ತರ.

ಮೊದಲು ಚಿತ್ರದ ತೂಕ ನೋಡೋಣ. ಕಂಪ್ಯೂಟರಿಗೆ ಚಿತ್ರವೆಂದರೆ ಬಣ್ಣದ ಚುಕ್ಕಿಗಳ ರಾಶಿ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕಿಂತ ಹೆಚ್ಚು ಚುಕ್ಕಿಗಳು. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಒಂದು ಚಿತ್ರಕ್ಕೆ 62 ಲಕ್ಷ ಬೈಟ್ ಆಯಿತು. ಸೆಕೆಂಡಿಗೆ 30 ಚಿತ್ರ ಕಳಿಸಿದರೆ ಸುಮಾರು 150 ಕೋಟಿ ಬಿಟ್. ಇದನ್ನು ಇದ್ದ ಹಾಗೆಯೇ ಕಳಿಸುವಷ್ಟು ವೇಗ ನಮ್ಮ ಮೊಬೈಲ್ ಸಂಪರ್ಕಕ್ಕೆ ಎಲ್ಲಿದೆ? ಮಾರ್ಕೆಟ್ಟಿನಲ್ಲಂತೂ ಒಂದು ಟವರಿನ ಸಾಮರ್ಥ್ಯವನ್ನು ಅಲ್ಲಿರುವ ಫೋನುಗಳೆಲ್ಲ ಹಂಚಿಕೊಳ್ಳಬೇಕು. ಆದ್ದರಿಂದ ಚಿತ್ರವನ್ನು ಹಗುರ ಮಾಡದೆ ಬೇರೆ ದಾರಿಯಿಲ್ಲ.

ಹಗುರ ಮಾಡುವ ಉಪಾಯ ನಮಗೆ ಹೊಸದಲ್ಲ. ಹಬ್ಬದ ಹಿಂದಿನ ದಿನ ತಂಗಿಗೆ ಫೋನಿನಲ್ಲಿ ರಂಗೋಲಿ ಹೇಳಿಕೊಡುತ್ತೀರಿ ಅಂದುಕೊಳ್ಳಿ. “ಇಲ್ಲೊಂದು ಚುಕ್ಕಿ, ಅದರ ಪಕ್ಕ ಇನ್ನೊಂದು ಚುಕ್ಕಿ” ಅಂತ ಯಾರಾದರೂ ಹೇಳುತ್ತಾರೆಯೇ? “ಸಂದು ಚುಕ್ಕಿ, 15ರಿಂದ 8” ಅನ್ನುತ್ತೀರಿ, ಮುಗಿಯಿತು. ಆ ಕಡೆ ತಂಗಿ 169 ಚುಕ್ಕಿ ಇಟ್ಟಿರುತ್ತಾಳೆ. ಬೇಕಾದರೆ ಮನೆಗೆ ಹೋಗಿ ಎಣಿಸಿ ನೋಡಿ. ಒಂದು ಚುಕ್ಕಿಯೂ ತಪ್ಪಿಲ್ಲ, ಹೇಳಿದ್ದು ಮೂರೇ ಮಾತು. ಯಾಕೆ ಸಾಧ್ಯವಾಯಿತು? ಚುಕ್ಕಿ ಇಡುವ ರೀತಿ ಅವಳಿಗೆ ಮೊದಲೇ ಗೊತ್ತಿತ್ತು. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1984ರಲ್ಲಿ ಶುರುವಾದ ಎಕ್ಸ್ ವಿಂಡೋ ಎಂಬ ವ್ಯವಸ್ಥೆ ದೂರದ ಪರದೆಗೆ ಕಳಿಸುತ್ತಿದ್ದದ್ದು ಹೆಚ್ಚಾಗಿ ಇಂಥ ಸೂಚನೆಗಳನ್ನೇ: ಇಲ್ಲಿ ಗೆರೆ ಎಳೆ, ಇಲ್ಲಿ ಚೌಕ ಬರೆ, ಇಲ್ಲಿ ಈ ಅಕ್ಷರ ಇಡು.

ಎರಡನೆಯ ಉಪಾಯ ನಮ್ಮ ಭಜನೆ ಪುಸ್ತಕದಲ್ಲಿದೆ. ಪ್ರತಿ ಚರಣದ ಕೊನೆಗೂ ಪಲ್ಲವಿಯನ್ನು ಪೂರ್ತಿ ಅಚ್ಚು ಹಾಕುವುದಿಲ್ಲ, ಮೊದಲ ಪದ ಹಾಕಿಯೋ ‘ಪ’ ಎಂದು ಬರೆದೋ ಬಿಡುತ್ತಾರೆ. ಹಾಡುವವರು ಮೇಲೆ ನೋಡಿ ಹಾಡಿಕೊಳ್ಳುತ್ತಾರೆ. 1977ರಲ್ಲಿ ಇಸ್ರೇಲಿನ ಜೇಕಬ್ ಜಿವ್ ಮತ್ತು ಏಬ್ರಹಾಂ ಲೆಂಪೆಲ್ ಪ್ರಕಟಿಸಿದ ವಿಧಾನದ ತಿರುಳು ಇದೇ. ಮೊದಲು ಬಂದದ್ದು ಮತ್ತೆ ಬಂದರೆ ಮತ್ತೆ ಬರೆಯಬೇಡ, “ಇಷ್ಟು ಹಿಂದೆ ಹೋಗಿ ಇಷ್ಟು ತೆಗೆದುಕೋ” ಅನ್ನು. ಜಿಪ್ ಫೈಲುಗಳು, ಪಿಎನ್‌ಜಿ ಚಿತ್ರಗಳು ಈ ದಾರಿಯಲ್ಲೇ ಹಗುರವಾಗುತ್ತವೆ. ಇದರಲ್ಲಿ ಏನೂ ನಷ್ಟವಿಲ್ಲ. ಬಿಚ್ಚಿದಾಗ ಕಟ್ಟಿದ್ದು ಹಾಗೆಯೇ ಸಿಗುತ್ತದೆ.

ಆದರೆ ಮಾರ್ಕೆಟ್ಟಿನ ಫೋಟೊದಲ್ಲಿ ಪಲ್ಲವಿ ಎಲ್ಲಿಂದ ತರೋಣ? ಒಂದು ಚುಕ್ಕಿಯ ಹಾಗೆ ಇನ್ನೊಂದಿಲ್ಲ. ಇಲ್ಲಿ ನಷ್ಟ ಮಾಡಿಕೊಳ್ಳಲೇಬೇಕು, ಕಣ್ಣಿಗೆ ಗೊತ್ತಾಗದ ಹಾಗೆ. ಆ ಉಪಾಯವನ್ನು ಕೊಟ್ಟವರು ನಮ್ಮ ಬೆಂಗಳೂರಿನವರು ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಅವರ ಹೆಸರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ, ಕೆ.ಆರ್. ವೃತ್ತದ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದರು. 1972ರಲ್ಲಿ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಈ ವಿಷಯದ ಸಂಶೋಧನೆಗೆ ಹಣ ಕೇಳಿ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ಅರ್ಜಿ ನೋಡಿದವರಲ್ಲೊಬ್ಬರಿಗೆ ಇದು ತೀರಾ ಸರಳವಾಗಿ ಕಂಡಿತ್ತು ಎಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಅವರು ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ನಟರಾಜನ್ ಮತ್ತು ಸ್ನೇಹಿತ ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪುಟ್ಟ ಲೇಖನವೊಂದನ್ನು ಪ್ರಕಟಿಸಿದರು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. 1992ರಲ್ಲಿ ಬಂದ ಜೆಪೆಗ್ ಚಿತ್ರದ ಜೀವಾಳ ಅದು. ನಾವು ಇವತ್ತು ನೋಡುವ ವಿಡಿಯೊಗಳಲ್ಲೂ ಬಹುಪಾಲು ಅದೇ, ಇಲ್ಲವೇ ಅದರ ಬಳಗದ ವಿಧಾನಗಳೇ ಇವೆ. 2021ರಲ್ಲಿ ‘ದಿಸ್ ಈಸ್ ಅಸ್’ ಎಂಬ ಅಮೆರಿಕದ ಧಾರಾವಾಹಿಯ ಒಂದು ಕಂತು ಅವರ ಮತ್ತು ಅವರ ಪತ್ನಿ ಎಸ್ತರ್ ಅವರ ಕಥೆಯನ್ನು ಸೇರಿಸಿಕೊಂಡಿತು.

ಈ ಡಿಸಿಟಿ ಮಾಡುವುದೇನು? ಸೀರೆ ಹೇಗಿದೆ ಎಂದು ಫೋನಿನಲ್ಲಿ ಕೇಳಿದರೆ ನಾವು ಎಳೆ ಎಳೆ ಹೇಳುವುದಿಲ್ಲ. “ಮೈ ಹಸಿರು, ಅಂಚು ಕೆಂಪು, ಅಂಚಿನಲ್ಲಿ ರುದ್ರಾಕ್ಷಿ” ಅನ್ನುತ್ತೇವೆ. ದೊಡ್ಡದು ಮೊದಲು, ಸೂಕ್ಷ್ಮ ಆಮೇಲೆ. ಕಂಪ್ಯೂಟರೂ ಚಿತ್ರವನ್ನು ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಚುಕ್ಕಿಯ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ 64 ಚುಕ್ಕಿಗಳನ್ನು 64 ಬೇರೆ ಸಂಖ್ಯೆಗಳಾಗಿ ಬದಲಿಸಿ ಬರೆಯುತ್ತದೆ. ಮೊದಲ ಸಂಖ್ಯೆ ಇಡೀ ಚೌಕದ ಸರಾಸರಿ ಬಣ್ಣ. ಆಮೇಲಿನವು ನಿಧಾನವಾಗಿ ಬದಲಾಗುವ ನೆರಳು ಬೆಳಕು. ಕೊನೆಯವು ತೀರಾ ಸೂಕ್ಷ್ಮ ಗೆರೆಗಳು. ಇಷ್ಟರವರೆಗೆ ಏನೂ ಕಳೆದಿಲ್ಲ. ಮುಂದಿನ ಹೆಜ್ಜೆಯಲ್ಲಿ ಕೊನೆಯ ಸಂಖ್ಯೆಗಳನ್ನು ಒರಟಾಗಿ ಅಳೆದು, ಹೆಚ್ಚಿನವನ್ನು ಸೊನ್ನೆ ಮಾಡಿ ಬಿಟ್ಟುಬಿಡುತ್ತದೆ. ನಮ್ಮ ಕಣ್ಣು ಸೂಕ್ಷ್ಮ ಗೆರೆಗಳನ್ನು ಅಷ್ಟಾಗಿ ಗಮನಿಸುವುದಿಲ್ಲ ಎಂಬ ಧೈರ್ಯ ಅದಕ್ಕೆ.

ಡೇಟಾ ತೀರಾ ಕಡಿಮೆ ಸಿಕ್ಕಾಗ ಬಿಡುವುದು ಹೆಚ್ಚಾಗುತ್ತದೆ. ಕೊನೆಗೆ ಪ್ರತಿ ಚೌಕಕ್ಕೂ ಸರಾಸರಿ ಬಣ್ಣವೊಂದೇ ಉಳಿಯುತ್ತದೆ. ಅಕ್ಕನ ಮಗಳಿಗೆ ಹುಬ್ಬಳ್ಳಿಯಲ್ಲಿ ಕಂಡ ಚೌಕಗಳು ಇವೇ. ವಿಡಿಯೊದಲ್ಲಿ ಚೌಕದ ಅಳತೆ ಬೇರೆ ಬೇರೆ ಇರುತ್ತದೆ, ಉಪಾಯ ಇದೇ. ವಿಡಿಯೊದಲ್ಲಿ ಇನ್ನೊಂದು ಉಳಿತಾಯವೂ ಇದೆ. ಹಿಂದಿನ ಚಿತ್ರಕ್ಕಿಂತ ಬದಲಾದದ್ದನ್ನು ಮಾತ್ರ ಕಳಿಸುತ್ತಾರೆ. ನೂಕುನುಗ್ಗಲಿನಲ್ಲಿ ಅಕ್ಕನ ಕೈ ಅಲ್ಲಾಡುತ್ತಿತ್ತು, ಕ್ಷಣಕ್ಷಣಕ್ಕೂ ಎಲ್ಲವೂ ಬದಲಾಗುತ್ತಿತ್ತು, ಉಳಿತಾಯವೇ ಇಲ್ಲ. “ಅಕ್ಕಾ, ಆ ಅಂಗಡಿಯ ಕಂಬಕ್ಕೆ ಕೈ ಆನಿಸಿ ಫೋನ್ ಅಲ್ಲಾಡದ ಹಾಗೆ ಹಿಡೀರಿ” ಅಂದೆ. ಹತ್ತು ಸೆಕೆಂಡಿನಲ್ಲಿ ಹೂವು ಕಂಡಿತು. ಕುರ್ತಾ ಬೇಡವೆಂದಳು, ಅದು ಬೇರೆ ಮಾತು.

ಇನ್ನು ಕ್ಯಾಶ್. ನೋಟಿನ ಕ್ಯಾಶ್ ಅಲ್ಲ, ಇದು ಕೂಡಿಟ್ಟುಕೊಳ್ಳುವ ಕ್ಯಾಶ್. ದಿನಾ ಸಾರು ಮಾಡುವಾಗ ಊರಿನಿಂದ ಸಾರಿನ ಪುಡಿ ತರಿಸುತ್ತೀರಾ? ಒಲೆಯ ಪಕ್ಕ ಚಿಕ್ಕ ಡಬ್ಬಿ, ಮೇಲಿನ ಕಪಾಟಿನಲ್ಲಿ ದೊಡ್ಡ ಡಬ್ಬಿ. ಅದೂ ಮುಗಿದರೆ ಪಕ್ಕದಲ್ಲೇ ಐ.ಎನ್.ಎ. ಮಾರ್ಕೆಟ್. ಅಲ್ಲೂ ಮನಸ್ಸಿಗೆ ಹಿಡಿಸುವಂಥದ್ದು ಸಿಗದಿದ್ದರೆ ಮಾತ್ರ ಊರಿಗೆ ಫೋನ್. ಕಂಪ್ಯೂಟರಿನಲ್ಲೂ ಹೀಗೆಯೇ. ಒಲೆಯ ಪಕ್ಕದ ಡಬ್ಬಿ ಫೋನಿನ ಮೆಮೊರಿ, ಕಪಾಟಿನ ಡಬ್ಬಿ ಫೋನಿನ ಸ್ಟೋರೇಜ್. ಐ.ಎನ್.ಎ. ಮಾರ್ಕೆಟ್ ಇದ್ದ ಹಾಗೆ ಊರೂರಿಗೆ ಹತ್ತಿರದಲ್ಲಿ ಪ್ರತಿಗಳನ್ನು ಇಟ್ಟುಕೊಂಡಿರುವ ಸರ್ವರುಗಳಿವೆ. ಎಂಐಟಿಯ ಟಾಮ್ ಲೈಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿ ಲೆವಿನ್ 1998ರಲ್ಲಿ ಶುರು ಮಾಡಿದ ಅಕಮಾಯ್ ಕಂಪನಿ ಈ ಬಗೆಯ ಸರ್ವರುಗಳನ್ನು ಜಗತ್ತಿನ ತುಂಬ ಇಟ್ಟ ಮೊದಲಿಗರಲ್ಲಿ ಒಂದು. ಅಮೆರಿಕದ ಚಿತ್ರವೊಂದು ನಿಮ್ಮ ಫೋನಿಗೆ ತಟ್ಟನೆ ಬಂತೆಂದರೆ, ಅದು ಅಮೆರಿಕದಿಂದಲೇ ಬಂದಿರಬೇಕೆಂದಿಲ್ಲ.

ಡಬ್ಬಿಯ ತೊಂದರೆ ಏನು? ಪುಡಿ ಹಳೆಯದಾಗುತ್ತದೆ. ಕ್ಯಾಶಿನದೂ ಅದೇ ತೊಂದರೆ. ಅದಕ್ಕೆ ಎರಡು ಪರಿಹಾರ. ಡಬ್ಬಿಯ ಮೇಲೆ ತಾರೀಖು ಬರೆದಿಡುವುದು ಒಂದು. ಬಳಸುವ ಮೊದಲು ಕೇಳಿ ನೋಡುವುದು ಇನ್ನೊಂದು. “ನನ್ನ ಹತ್ತಿರ ಇಂಥ ದಿನದ ಪ್ರತಿ ಇದೆ, ಹೊಸದು ಬಂದಿದೆಯಾ?” ಎಂದು ಫೋನ್ ಕೇಳುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ ‘304’ ಎಂದು ಉತ್ತರ ಕೊಡುತ್ತದೆ. ಅದರ ಅರ್ಥ ಇಷ್ಟೇ: ಅದೇ ಇದೆ, ನಿನ್ನ ಹತ್ತಿರ ಇರುವುದನ್ನೇ ಬಳಸು. ಇಡೀ ಚಿತ್ರದ ಬದಲು ಪುಟ್ಟ ಉತ್ತರ ಬಂತು.

ಹಗುರ ಮಾಡುವುದು, ಕೂಡಿಡುವುದು ಎರಡೂ ಸೇರುವ ಜಾಗದಲ್ಲಿ ನನ್ನ ಕೆಲಸ. 2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಕಂಪ್ಯೂಟರ್ ಆಫೀಸಿನಲ್ಲಿ, ನಾವು ಮನೆಯಲ್ಲಿ. ಅಲ್ಲಿನ ಪರದೆ ಇಲ್ಲಿ ಕಾಣಬೇಕು. ಆಗ ಹೀಗೆ ಮಾಡುತ್ತಾರೆ. ಪರದೆಯಲ್ಲಿ ಬದಲಾದ ಭಾಗವನ್ನು ಮಾತ್ರ ಕಳಿಸುತ್ತಾರೆ. ಪುಟವನ್ನು ಮೇಲಕ್ಕೆ ಸರಿಸಿದರೆ ಚಿತ್ರ ಮತ್ತೆ ಕಳಿಸುವುದಿಲ್ಲ, “ಇದ್ದದ್ದನ್ನೇ ಇಷ್ಟು ಮೇಲಕ್ಕೆ ಜರುಗಿಸು” ಅನ್ನುತ್ತಾರೆ. ಮತ್ತೆ ಮತ್ತೆ ಬರುವ ಗುಂಡಿಗಳು, ಚಿಹ್ನೆಗಳು, ಅಕ್ಷರಗಳ ರೂಪಗಳನ್ನು ಒಮ್ಮೆ ಕಳಿಸಿ ನಂಬರ್ ಕೊಟ್ಟಿಡುತ್ತಾರೆ. ಮುಂದಿನ ಸಲ “27ನೆಯದನ್ನು ಇಲ್ಲಿ ಇಡು” ಅಂದರೆ ಸಾಕು. ಇನ್ನೊಂದು ಮುಖ್ಯ ನಿಯಮವಿದೆ. ಫೋಟೊ ಇರುವ ಭಾಗವನ್ನು ನಷ್ಟ ಮಾಡಿ ಕಳಿಸಬಹುದು, ಅಕ್ಷರ ಇರುವ ಭಾಗವನ್ನು ನಷ್ಟವಿಲ್ಲದೆ ಕಳಿಸಬೇಕು. ಮುಖದ ಮೇಲಿನ ಸಣ್ಣ ನೆರಳು ಹೋದರೆ ಯಾರಿಗೂ ಗೊತ್ತಾಗದು. ಅಕ್ಷರದ ಗೆರೆಯೊಂದು ಹೋದರೆ ಅರ್ಥವೇ ಹೋದೀತು.

ಈ ನಿಯಮವನ್ನು ದಿನಾ ಆಫೀಸಿನಲ್ಲಿ ಪಾಲಿಸುವ ನಾನು ಮನೆಯಲ್ಲಿ ಮರೆತೆ. ಮೊದಲೇ ಹೇಳಿದ ಕಥೆ ಇದು.

ನಮ್ಮ ಮಾವನವರು ಊರಿನಲ್ಲಿದ್ದಾರೆ. ಹೋದ ಮಳೆಗಾಲದಲ್ಲಿ ಅವರಿಗೆ ಕಾಲು ಊದಿಕೊಂಡಿತ್ತು, ರಕ್ತ ಪರೀಕ್ಷೆ ಮಾಡಿಸಿದರು. ಮೈದುನ ರಿಪೋರ್ಟನ್ನು ಮೇಜಿನ ಮೇಲಿಟ್ಟು, ಸಂಜೆಯ ಮಬ್ಬು ಬೆಳಕಿನಲ್ಲಿ ದೂರದಿಂದ ಫೋಟೊ ತೆಗೆದು ಮನೆಯ ಗುಂಪಿಗೆ ಹಾಕಿದ. ಮೆಟ್ರೊದಲ್ಲಿದ್ದೆ, ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಚಿತ್ರ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದು, ಬೇಕಾದ ಸಾಲಿನಷ್ಟು ಕತ್ತರಿಸಿ, ಪರಿಚಯದ ಡಾಕ್ಟರೊಬ್ಬರಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಫೋನ್ ಬಂತು. “ಕ್ರಿಯೇಟಿನಿನ್ 14 ಇದೆಯಲ್ಲ! ತಡ ಮಾಡಬೇಡಿ, ಈಗಲೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ.” ಅಂದರೆ ಕಿಡ್ನಿ ಕೆಲಸ ನಿಲ್ಲಿಸಿದ ಹಾಗೆ. ಆ ರಾತ್ರಿ, ಆ ಮಳೆಯಲ್ಲಿ ಕಾರು ಹುಡುಕಿ ಮಾವನವರನ್ನು ಕರೆದುಕೊಂಡು ಹೊರಟರು. ಅತ್ತೆ ದಾರಿಯುದ್ದಕ್ಕೂ ಅಳುತ್ತಿದ್ದರಂತೆ. ಇಲ್ಲಿ ನಮ್ಮವರು ರಾತ್ರಿಯೇ ವಿಮಾನದ ಟಿಕೆಟ್ ಹುಡುಕುತ್ತಾ ಕೂತರು.

ಆಸ್ಪತ್ರೆಯಲ್ಲಿ ಕಾಗದವನ್ನು ಕೈಗೆ ತೆಗೆದುಕೊಂಡ ಡಾಕ್ಟರು, “1.4 ಇದೆ. ಸ್ವಲ್ಪ ಹೆಚ್ಚು, ಗಮನ ಕೊಡಬೇಕು. ಆದರೆ ಈ ಹೊತ್ತಿನಲ್ಲಿ ಓಡಿ ಬರುವಂಥದ್ದೇನಿಲ್ಲ” ಅಂದರಂತೆ. ಒಂದಕ್ಕೂ ನಾಲ್ಕಕ್ಕೂ ನಡುವಿನ ಚುಕ್ಕಿ ಕಾಣೆಯಾಗಿತ್ತು. ದೂರದಿಂದ ತೆಗೆದ ಫೋಟೊದಲ್ಲಿ ಅದು ಮೊದಲೇ ಕೂದಲೆಳೆಯಷ್ಟಿತ್ತು. ಒಮ್ಮೆ ಕಳಿಸುವಾಗ ಚಿತ್ರ ಕುಗ್ಗಿತು, ನನ್ನ ಸ್ಕ್ರೀನ್‌ಶಾಟಿನಲ್ಲಿ ಇನ್ನಷ್ಟು ಕುಗ್ಗಿತು, ಮತ್ತೆ ಕಳಿಸುವಾಗ ಮತ್ತೊಮ್ಮೆ. ಪ್ರತಿ ಹೆಜ್ಜೆಯಲ್ಲೂ ಕಂಪ್ಯೂಟರ್ “ಇಷ್ಟು ಸೂಕ್ಷ್ಮವಾದದ್ದು ಯಾರಿಗೆ ಬೇಕು” ಎಂದು ಆ ಚುಕ್ಕಿಯನ್ನು ಬಿಳಿಯೊಳಗೆ ಬೆರೆಸಿಬಿಟ್ಟಿತು. ಅದಕ್ಕೆ ಕಲಿಸಿಕೊಟ್ಟದ್ದೇ ಹಾಗೆ, ಅದರ ತಪ್ಪಿಲ್ಲ. ಅಕ್ಷರವಿದ್ದ ಕಾಗದವನ್ನು ಫೋಟೊದ ಹಾಗೆ ಕಳಿಸಿದ್ದು ನನ್ನ ತಪ್ಪು.

ಮರುದಿನ ಎಲ್ಲರೂ ನಕ್ಕರು. ಮಾವನವರು, “ನಿನ್ನ ಎಂ.ಟೆಕ್. ನನ್ನನ್ನು ಮಳೆಯಲ್ಲಿ ಊರು ಸುತ್ತಿಸಿತು ನೋಡು” ಅಂದರು. ನನಗೆ ಮಾತ್ರ ನಗು ಬರಲಿಲ್ಲ. ಆ ದಿನ ತಪ್ಪು ಭಯದ ಕಡೆಗೆ ಬಿತ್ತು, ಬಚಾವಾದೆವು. ಧೈರ್ಯದ ಕಡೆಗೆ ಬಿದ್ದಿದ್ದರೆ? ನಿಜವಾಗಿ ಓಡಬೇಕಾಗಿದ್ದವರನ್ನು “ಏನಿಲ್ಲ, ಮಲಗಿ” ಎಂದು ಮಲಗಿಸಿದ್ದರೆ?

ಇಂಥದ್ದು ದೊಡ್ಡವರಿಗೂ ಆಗಿದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಸಂಶೋಧಕ ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಮನೆಯ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದರು. ಬೇರೆ ಬೇರೆ ಅಳತೆಯ ಮೂರು ಕೋಣೆಗಳಿಗೂ 14.13 ಚದರ ಮೀಟರ್ ಎಂದೇ ಬಂತು. ಕಾರಣ ನಾನು ಆಗ ಹೇಳಿದ ಉಪಾಯವೇ. ಒಂದೇ ತರಹ ಕಾಣುವ ಅಕ್ಷರದ ತುಣುಕುಗಳಿಗೆ ಒಂದೇ ನಂಬರ್ ಕೊಟ್ಟು ಕೂಡಿಟ್ಟದ್ದನ್ನೇ ಮತ್ತೆ ಬಳಸುವುದು. ಚಿಕ್ಕ ಅಕ್ಷರಗಳಲ್ಲಿ 6 ಮತ್ತು 8 ಒಂದೇ ಎಂದುಕೊಂಡು ಯಂತ್ರ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟದ್ದೂ ಕಂಡಿತು. ಕಂಪನಿ ಆಮೇಲೆ ಸಾಫ್ಟ್‌ವೇರ್ ಸರಿಮಾಡಿ ಕೊಟ್ಟಿತು. ಇಲ್ಲಿ ಹೆದರಿಸುವ ವಿಷಯವೆಂದರೆ, ತಪ್ಪು ಅಂಕಿ ಮಸುಕಾಗಿರಲಿಲ್ಲ, ಮುತ್ತಿನ ಹಾಗೆ ಸ್ಪಷ್ಟವಾಗಿತ್ತು. ಮಸುಕಾಗಿದ್ದರೆ ಅನುಮಾನವಾದರೂ ಬರುತ್ತಿತ್ತು.

ಹಾಗಾದರೆ ನಾವೇನು ಮಾಡಬೇಕು? ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದನ್ನು ಹೇಳುತ್ತೇನೆ.

ಆಸ್ಪತ್ರೆಯ ರಿಪೋರ್ಟ್, ಬ್ಯಾಂಕಿನ ಕಾಗದ, ಜಾತಕ, ಅಂಕಪಟ್ಟಿ, ಯಾವುದರಲ್ಲಿ ಅಂಕಿ ಅಕ್ಷರ ಇದೆಯೋ ಅದನ್ನು ವಾಟ್ಸಾಪಿನಲ್ಲಿ ‘ಫೋಟೊ’ ಎಂದು ಕಳಿಸುವುದಿಲ್ಲ, ‘ಡಾಕ್ಯುಮೆಂಟ್’ ಎಂದು ಕಳಿಸುತ್ತೇವೆ. ಹಾಗೆ ಕಳಿಸಿದರೆ ಫೈಲು ಕುಗ್ಗದೆ ಇದ್ದ ಹಾಗೆಯೇ ಹೋಗುತ್ತದೆ. ಪ್ರಯೋಗಾಲಯದವರು ಪಿಡಿಎಫ್ ಕೊಡುವುದಾದರೆ ಅದನ್ನೇ ಕೇಳಿ ಪಡೆಯುತ್ತೇವೆ.

ಬಂದ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದಿಲ್ಲ, ಫಾರ್ವರ್ಡ್ ಮಾಡುತ್ತೇವೆ. ಫಾರ್ವರ್ಡ್ ಮಾಡಿದಾಗ ಸಾಮಾನ್ಯವಾಗಿ ಸರ್ವರಿನಲ್ಲಿರುವ ಅದೇ ಪ್ರತಿಯೇ ಮುಂದಿನವರಿಗೂ ಹೋಗುತ್ತದೆ, ಇನ್ನಷ್ಟು ಕೆಡುವುದಿಲ್ಲ. ಸ್ಕ್ರೀನ್‌ಶಾಟ್ ಪ್ರತಿ ಸಲವೂ ಹೊಸ ಚಿತ್ರ, ಪ್ರತಿ ಸಲವೂ ಹೊಸ ನಷ್ಟ.

ಮುಖ್ಯವಾದ ಅಂಕಿಯನ್ನು ಚಿತ್ರದ ಕೆಳಗೆ ಕೈಯಾರೆ ಟೈಪ್ ಮಾಡುತ್ತೇವೆ: “ಕ್ರಿಯೇಟಿನಿನ್ ಒಂದು ಪಾಯಿಂಟ್ ನಾಲ್ಕು.” ನಮ್ಮ ಅತ್ತೆ ಈಗ ಇದನ್ನು ಫೋನಿನಲ್ಲೂ ಹೇಳಿಸಿ ಕೇಳುತ್ತಾರೆ.

ಕೊನೆಯದು ನಮ್ಮ ಸಂಘಕ್ಕೇ ಹೇಳಬೇಕಾದ ಮಾತು. ಕೂಟದ ಕರೆಯೋಲೆಯನ್ನು ನಾವು ಯಾವಾಗಲೂ ಚಿತ್ರವಾಗಿ ಕಳಿಸುತ್ತೇವೆ. ಕನ್ನಡವನ್ನು ಕನ್ನಡ ಅಕ್ಷರವಾಗಿಯೇ ಟೈಪ್ ಮಾಡಿದರೆ, ಒಂದು ಸಂಕೇತಕ್ಕೆ ಮೂರು ಬೈಟಿನಂತೆ 500 ಸಂಕೇತಗಳ ಕರೆಯೋಲೆಗೆ 1500 ಬೈಟ್ ಸಾಕು. ಅದನ್ನೇ ಹೂವು ಬಳ್ಳಿ ಹಾಕಿ ಚಿತ್ರ ಮಾಡಿದರೆ ಅದರ ನೂರಾರು ಪಟ್ಟು ಆಗುತ್ತದೆ. ಕಣ್ಣು ಮಂಜಾದ ಹಿರಿಯರು ಅಕ್ಷರ ದೊಡ್ಡದು ಮಾಡಿಕೊಳ್ಳಲೂ ಆಗುವುದಿಲ್ಲ, ಆರು ತಿಂಗಳ ಮೇಲೆ ಹುಡುಕಿದರೆ ಸಿಗುವುದೂ ಇಲ್ಲ. ಹೂವು ಬಳ್ಳಿ ಇರಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ನಾಲ್ಕು ಸಾಲು ಟೈಪ್ ಮಾಡಿ ಹಾಕೋಣ.

ಊರಿನಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿರುವ ನಮಗೆ ಈ ಹಗುರವಾದ ಚಿತ್ರಗಳು ಎಷ್ಟು ದೊಡ್ಡ ಉಪಕಾರ ಮಾಡಿವೆ ಎಂದು ನಾನು ಹೇಳಬೇಕಾಗಿಲ್ಲ. ಮೊಮ್ಮಗುವಿನ ಮೊದಲ ಹೆಜ್ಜೆಯನ್ನು ಅಜ್ಜಿ ಊರಿನಲ್ಲೇ ಕೂತು ನೋಡಿದ್ದು ನಾಸಿರ್ ಅಹ್ಮದ್ ಅವರ ಆ ಪುಟ್ಟ ಲೇಖನದಿಂದ. ಮಗುವಿನ ಫ್ರಾಕಿನ ನೆರಿಗೆಯಲ್ಲಿ ಎರಡು ಕಾಣದಿದ್ದರೆ ಅಜ್ಜಿಗೆ ಏನೂ ಕಡಿಮೆಯಾಗದು. ಅಲ್ಲಿ ಕಳೆದುಕೊಳ್ಳೋಣ, ಸಂತೋಷವಾಗಿ ಕಳೆದುಕೊಳ್ಳೋಣ. ರಿಪೋರ್ಟಿನ ಚುಕ್ಕಿಯನ್ನು ಮಾತ್ರ ಕಳೆದುಕೊಳ್ಳುವುದು ಬೇಡ. ಯಾವುದು ನೆರಿಗೆ, ಯಾವುದು ಚುಕ್ಕಿ ಎಂದು ಕಂಪ್ಯೂಟರಿಗೆ ಗೊತ್ತಿಲ್ಲ. ಕಳಿಸುವ ನಮಗೆ ಗೊತ್ತಿರಬೇಕು.

 ಕಾಫಿ ಆರುವ ಮೊದಲು ನನ್ನ ಮಾತು ಮುಗಿಸುತ್ತೇನೆ.